ಸಾರಸ್ ವಿಮಾನದ ಅವಶೇಷ ಹೇಳುವ ಸಾಕ್ಷ್ಯ

2009ರ ಮಾರ್ಚ್ 6ರಂದು ಪರೀಕ್ಷಾ ಹಾರಾಟದಲ್ಲಿದ್ದ, ದೇಶದಲ್ಲೇ ರೂಪಿಸಿದ ಲಘು ಸಾರಿಗೆ ವಿಮಾನ ಸಾರಸ್ ಬಿಡದಿ ಸಮೀಪದ ಶೇಷಗಿರಿಹಳ್ಳಿಯ ಬಳಿ ನೆಲಕ್ಕಪ್ಪಳಿಸಿ, ವಾಯುಪಡೆಯ ಮೂವರು ಅಧಿಕಾರಿಗಳು ಪ್ರಾಣ ಕಳೆದುಕೊಂಡರು. ಇಂತಹ ಸ್ಥಳದಲ್ಲಿ ಬೆಂಕಿ ನಂದಿಸುವುದು, ಸಿಲುಕಿದವರನ್ನು ಹೊರತೆಗೆಯುವುದು ಮೊದಲ ಕರ್ತವ್ಯ. ಅದಕ್ಕಾಗಿ ಅವಶೇಷವನ್ನು ಸರಿಸಲು ನಿಯಮಗಳಲ್ಲಿಯೂ ಅವಕಾಶವಿದೆ. ಅದಾದ ಮೇಲೆ ತನಿಖಾಧಿಕಾರಿಯ ಅನುಮತಿಯಿಲ್ಲದೆ ಯಾವುದನ್ನೂ ಕದಲಿಸುವಂತಿಲ್ಲ. ಪ್ರೊಪೆಲ್ಲರಿನ ಅಲಗು ಬಾಗಿದ ಬಗೆಯನ್ನು ನೋಡಿ, ನೆಲಕ್ಕೆ ತಾಗುವಾಗ ಎಂಜಿನ್ ಶಕ್ತಿ ನೀಡುತ್ತಿತ್ತೇ ಎಂಬುದನ್ನು ತಜ್ಞರು ಅಂದಾಜಿಸಬಲ್ಲರು. ಕಾಕ್‌ಪಿಟ್ಟಿನ ಸ್ವಿಚ್ಚೊಂದು ಯಾವ ಸ್ಥಾನದಲ್ಲಿತ್ತೆಂಬುದೂ ಸಾಕ್ಷ್ಯವೇ. ಆದ್ದರಿಂದ ನೆನಪಿಗೆಂದು ಚೂರೊಂದನ್ನು ಜೇಬಿಗಿಳಿಸುವುದು, ನನ್ನ ದೃಷ್ಟಿಯಲ್ಲಿ, ಮಡಿದವರಿಗೆ ಬಗೆಯುವ ದ್ರೋಹ. ಹಾರಾಟದ ನಡುವೆ ಪರೀಕ್ಷೆಗಾಗಿ ನಿಲ್ಲಿಸಿದ ಎಂಜಿನ್ನನ್ನು ಮತ್ತೆ ಚಾಲನೆಗೊಳಿಸಲು ರೂಪಿಸಿದ್ದ ವಿಧಾನವೇ ತಪ್ಪಾಗಿತ್ತು, ಸಾಕಷ್ಟು ಎತ್ತರವೂ ಇರಲಿಲ್ಲ ಎಂದು ಸಾರಸ್ ತನಿಖೆ ಕಂಡುಕೊಂಡಿತು.