ಶೇಕಡಾ ಲೆಕ್ಕದಲ್ಲಿ ಸಿಗದ ಬರ

ಮಲೆನಾಡಿನ ಒಂದು ತಾಲ್ಲೂಕಿನಲ್ಲಿ ವಾಡಿಕೆಗಿಂತ ಶೇ. 20ರಷ್ಟು ಮಳೆ ಕಡಿಮೆ. ಬಯಲುಸೀಮೆಯ ಇನ್ನೊಂದು ತಾಲ್ಲೂಕಿನಲ್ಲೂ ಶೇ. 20 ಕಡಿಮೆ. ಎರಡೂ ಒಂದೇ ಥರದ ಬರವಾ? ಮಳೆ ದಾಖಲೆಗಳ ವಿಶ್ಲೇಷಣೆ ನನ್ನ ಕೆಲಸ. ತಂಡಕ್ಕೆ ಹೊಸದಾಗಿ ಸೇರುವವರಿಗೆ ನಾನು ಮೊದಲು ಕೊಡುವ ಲೆಕ್ಕ ಇದು.

ಸುಲಭಕ್ಕೆ ಹೀಗೆ ಹಿಡಿಯಿರಿ. ಮಲೆನಾಡಿನ ಆ ಜಾಗದ ಸರಾಸರಿ 3000 ಮಿ.ಮೀ., ವರ್ಷದಿಂದ ವರ್ಷಕ್ಕೆ ಆಗುವ ಸಾಮಾನ್ಯ ಏರಿಳಿತ 450. ಅಲ್ಲಿ 600 ಮಿ.ಮೀ. ಕಡಿಮೆಯಾದರೆ ಆ ಏರಿಳಿತದ 1.3 ಪಟ್ಟು ಕೆಳಗಿಳಿದ ಹಾಗೆ. ಹತ್ತು ವರ್ಷಕ್ಕೊಮ್ಮೆ ಕಾಣುವಂಥದ್ದು. ಬಯಲುಸೀಮೆಯಲ್ಲಿ ಸರಾಸರಿ 500, ಏರಿಳಿತ 175. ಅಲ್ಲಿ 100 ಮಿ.ಮೀ. ಕೊರತೆ ಅಂದರೆ 0.6 ಪಟ್ಟು ಅಷ್ಟೇ. ಮೂರು-ನಾಲ್ಕು ವರ್ಷಕ್ಕೊಮ್ಮೆ ಜನ ಅದನ್ನು ನೋಡಿರುತ್ತಾರೆ.

ಈ ಯೋಚನೆಯನ್ನೇ ಸರಿಯಾಗಿ ಕಟ್ಟಿದ ಸೂಚ್ಯಂಕ ಎಸ್‌ಪಿಐ, ಅಂದರೆ ಸ್ಟ್ಯಾಂಡರ್ಡೈಸ್ಡ್ ಪ್ರೆಸಿಪಿಟೇಶನ್ ಇಂಡೆಕ್ಸ್. ಒಂದು ತಿಂಗಳು, ಮೂರು ತಿಂಗಳು, ಹನ್ನೆರಡು ತಿಂಗಳು, ಹೀಗೆ ಬೇಕಾದ ಅವಧಿಯ ಒಟ್ಟು ಮಳೆಗೆ ಇದನ್ನು ಹಾಕಬಹುದು. 1993ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಮೆಕ್ಕೀ ಮತ್ತು ಸಂಗಡಿಗರು ರೂಪಿಸಿದ್ದು. ಮಳೆ ಸೊನ್ನೆಗಿಂತ ಕೆಳಗೆ ಹೋಗಲ್ಲ, ಮೇಲಕ್ಕೆ ಮಾತ್ರ ಎಷ್ಟು ಬೇಕಾದರೂ ಹೋಗಬಹುದು. ಹಾಗಾಗಿ ಮೊದಲು ಗಾಮಾ ಹಂಚಿಕೆ ಅನ್ನುವ, ಒಂದೇ ಕಡೆಗೆ ಬಾಲ ಚಾಚಿದ ಗಣಿತದ ರೇಖೆಗೆ ಹೊಂದಿಸಿ, ಆಮೇಲೆ ಅದನ್ನು ಸೊನ್ನೆಯ ಸುತ್ತಲಿನ ಅಳತೆಗೆ ತರುತ್ತಾರೆ. ಸೊನ್ನೆ ಅಂದರೆ ವಾಡಿಕೆ, ಮೈನಸ್ ಅಂದರೆ ಕೊರತೆ. ಮೈನಸ್ 1 ದಾಟಿದರೆ ಸಾಧಾರಣ ಬರ, ಮೈನಸ್ 1.5 ದಾಟಿದರೆ ತೀವ್ರ, ಮೈನಸ್ 2 ಮುಟ್ಟಿದರೆ ಅತಿ ತೀವ್ರ. ಕನಿಷ್ಠ 30 ವರ್ಷದ ದಾಖಲೆ ಇದ್ದರೆ ಒಳ್ಳೆಯದು.

ಆದರೆ ಎಸ್‌ಪಿಐ ಹೇಳುವುದು ಈ ಕೊರತೆ ಎಷ್ಟು ಅಪರೂಪ ಅನ್ನುವುದನ್ನು. ಎಷ್ಟು ನಷ್ಟ ಅಂತ ಅಲ್ಲ. ಬಯಲುಸೀಮೆಯ ಆ 100 ಮಿ.ಮೀ. ಕೊರತೆ ಅಪರೂಪವಲ್ಲದೇ ಇರಬಹುದು. ಅದೇ ಕೊರತೆ ಶೇಂಗಾ ಹೂ ಬಿಟ್ಟು, ಮಣ್ಣಿಗಿಳಿದು ಕಾಯಿ ಕಟ್ಟುವ ಹೊತ್ತಿಗೆ ಬಿದ್ದರೆ ಇಡೀ ಬೆಳೆ ಹೋಗುತ್ತದೆ. ಈ ಎರಡನ್ನು ಬೆರೆಸಿಬಿಟ್ಟರೆ ವರದಿ ರೈತನಿಗೆ ಅನ್ಯಾಯ ಮಾಡುತ್ತದೆ.

2023ನ್ನೇ ನೋಡಿ. ಜೂನ್ ಕೈಕೊಟ್ಟಿತು, ಜುಲೈಯಲ್ಲಿ ಚೆನ್ನಾಗಿ ಸುರಿಯಿತು, ಆಗಸ್ಟ್ ಪೂರ್ತಿ ಒಣಗಿತು. 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಅದು. ಜೂನ್‌ನಿಂದ ಆಗಸ್ಟ್‌ವರೆಗಿನ ಒಟ್ಟು ಮೊತ್ತ ಮಾತ್ರ ನೋಡಿದರೆ ಜುಲೈ ಮಳೆ ಉಳಿದ ಕೊರತೆಯ ಒಂದಷ್ಟನ್ನು ಮುಚ್ಚಿಬಿಡುತ್ತದೆ. ರೈತರಿಗೆ ಈ ಗೊಂದಲ ಇಲ್ಲ. ಅವರು ಹೇಳುವುದೇ ಆಶ್ಲೇಷ ಬರಲಿಲ್ಲ, ಮಖ ಬರಲಿಲ್ಲ ಅಂತ. ನಕ್ಷತ್ರದ ಮಳೆ ಅಂದರೆ ಹದಿಮೂರು-ಹದಿನಾಲ್ಕು ದಿನದ ಲೆಕ್ಕ. ಬೆಳೆಯ ಮಟ್ಟಿಗೆ ಮೂರು ತಿಂಗಳ ಮೊತ್ತಕ್ಕಿಂತ ಇದೇ ಜಾಸ್ತಿ ಹತ್ತಿರ. ಕೇಂದ್ರದ 2016ರ ಬರ ಕೈಪಿಡಿಯೂ ವಾರದ ಮಳೆ ವಾಡಿಕೆಯ ಅರ್ಧಕ್ಕಿಂತ ಕಡಿಮೆಯಾಗಿ ಸತತ ಮೂರು-ನಾಲ್ಕು ವಾರ ಹೋದರೆ ಡ್ರೈ ಸ್ಪೆಲ್ ಅಂತ ಎಣಿಸುತ್ತದೆ. ಆ ವರ್ಷ ಕೊನೆಗೆ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು.

ಬೋರ್‌ವೆಲ್ ಬಗ್ಗೆ ಕೇಳುವವರಿಗೆ ವಾರಗಳ ಈ ಲೆಕ್ಕ ಸಾಲದು. ಅವರಿಗೆ 12 ಅಥವಾ 24 ತಿಂಗಳ ಎಸ್‌ಪಿಐ ಬೇಕು.

ಇನ್ನು ಸೊನ್ನೆಯ ವಿಷಯ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸುವುದಿಲ್ಲ. ಉತ್ತರ ಒಳನಾಡಿನ ಒಂದು ಕೇಂದ್ರದಲ್ಲಿ ಜನವರಿಯಲ್ಲಿ ನೂರಕ್ಕೆ 70 ವರ್ಷ ಮಳೆಯೇ ಇಲ್ಲ ಅಂತಿಟ್ಟುಕೊಳ್ಳಿ. ಒಂದು ತಿಂಗಳ ಎಸ್‌ಪಿಐಯನ್ನು ಮೂಲ ಸೂತ್ರದಂತೆ ಹಾಕಿದರೆ ಸೊನ್ನೆ ಮಳೆಗೆ ಸಿಗುವ ಸಂಭಾವ್ಯತೆ 0.7. ಅದು ನಡುವಿನ 0.5ಕ್ಕಿಂತ ಹೆಚ್ಚು, ಹಾಗಾಗಿ ಉತ್ತರ ಪ್ಲಸ್ 0.52. ಒಂದು ಹನಿಯೂ ಬೀಳದ ತಿಂಗಳನ್ನು ಕಂಪ್ಯೂಟರ್ ವಾಡಿಕೆಗಿಂತ ಹಸಿ ಅಂತ ತೋರಿಸುತ್ತದೆ! ನಕ್ಷೆಯಲ್ಲಿ ಅದು ತೆಳು ಹಸಿರು. ಸೂತ್ರದಲ್ಲಿ ತಪ್ಪಿಲ್ಲ, ಕೂಡಿಸುವಿಕೆಯಲ್ಲೂ ತಪ್ಪಿಲ್ಲ. ಆ ತಿಂಗಳಿಗೆ ಆ ಅಳತೆಗೋಲೇ ಹೊಂದುವುದಿಲ್ಲ. ನಾವು ಅಂಥ ತಿಂಗಳುಗಳಿಗೆ ಒಂದು ತಿಂಗಳ ಸೂಚ್ಯಂಕ ಹಾಕುವುದಿಲ್ಲ, ಉದ್ದದ ಅವಧಿಯನ್ನೇ ಬಳಸುತ್ತೇವೆ.

ಸೊನ್ನೆಗೆ ಇನ್ನೊಂದು ಮುಖವೂ ಇದೆ. ಹಳೆಯ ರಿಜಿಸ್ಟರ್‌ಗಳಲ್ಲಿ ಬೆಳಿಗ್ಗೆ 8.30ರ ಮಳೆ ಓದಿನ ಜಾಗದಲ್ಲಿ ಕೆಲವು ದಿನ ಸೊನ್ನೆ ಇರುತ್ತದೆ, ಕೆಲವು ದಿನ ಬರೀ ಒಂದು ಗೀಟು. ಸೊನ್ನೆ ಅಂದರೆ ಮಳೆ ಬರಲಿಲ್ಲ, ಗೀಟು ಅಂದರೆ ಅಂದು ಅಳೆಯಲೇ ಇಲ್ಲ. ಟೈಪ್ ಮಾಡುವಾಗ ಎರಡೂ ಸೊನ್ನೆಯಾದರೆ ಇಲ್ಲದ ಬರವೊಂದು ದಾಖಲೆ ಸೇರುತ್ತದೆ. ಈಗಿನ ಸ್ವಯಂಚಾಲಿತ ಮಾಪಕಗಳಲ್ಲೂ ಕೊಳವೆಗೆ ಎಲೆ ಸಿಕ್ಕಿಕೊಂಡರೆ ಅದೇ ಪಾಡು. ಅದಕ್ಕೇ ಸುತ್ತಲಿನ ಮೂರು-ನಾಲ್ಕು ಕೇಂದ್ರಗಳಲ್ಲಿ ಮಳೆಯಾಗಿ ನಡುವಿನ ಒಂದರಲ್ಲಿ ಮಾತ್ರ ದಿನಗಟ್ಟಲೆ ಸೊನ್ನೆ ಬಂದರೆ, ನಾನು ಲೆಕ್ಕ ನಿಲ್ಲಿಸಿ ಮೊದಲು ಆ ಊರಿಗೆ ಫೋನ್ ಮಾಡುತ್ತೇನೆ. "ಮಳೆ ಬಂತಾ ಸಾರ್, ಹೊಲ ನೆನೆದಿದೆಯಾ?" ಅಂತ.

ನಾನು ಕಳಿಸುವ ವರದಿಯಲ್ಲಿ ಈಗ ಒಂದೇ ಬಣ್ಣದ ನಕ್ಷೆ ಇಲ್ಲ. ಪ್ರತಿ ಹೋಬಳಿಗೂ ಒಂದು ತಿಂಗಳ, ಮೂರು ತಿಂಗಳ, ಹನ್ನೆರಡು ತಿಂಗಳ ಸೂಚ್ಯಂಕ ಬೇರೆ ಬೇರೆ. ಪಕ್ಕದಲ್ಲಿ ಸತತವಾಗಿ ಒಣಗಿದ ವಾರಗಳ ಸಂಖ್ಯೆ. ಕೊನೆಯ ಕಾಲಂ, ಎಷ್ಟು ದಿನದ ದಾಖಲೆ ಸಿಕ್ಕಿಲ್ಲ ಅನ್ನುವುದು. ಅದನ್ನು ತೆಗೆದರೆ ಟೇಬಲ್ ಚೊಕ್ಕ ಕಾಣುತ್ತೆ ಅಂತ ಹಲವರು ಕೇಳಿದ್ದಾರೆ. ನಾನು ತೆಗೆದಿಲ್ಲ. ಬೆಳೆ ಸಮೀಕ್ಷೆಗೆ ಹೊರಡುವವರು ಯಾವ ಹಳ್ಳಿಗೆ ಮೊದಲು ಹೋಗಬೇಕು ಅಂತ ತೀರ್ಮಾನಿಸುವುದು ಆ ಕಾಲಂ ನೋಡಿಯೇ.