ಸೋಡಿಯಂನ ಹನ್ನೊಂದನೆಯವನು

ನಮ್ಮ ವಿಜ್ಞಾನದ ಮೇಷ್ಟ್ರು ಹೋದರೆಂದು ತಿಳಿದ ಕೂಡಲೇ ಕಣ್ಣ ಮುಂದೆ ಬಂದದ್ದು ಸುಣ್ಣದ ಪುಡಿ ಮೆತ್ತಿದ ಅವರ ಪಂಚೆಯ ಅಂಚು.

ಒಂಬತ್ತನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆಗೆ ಇನ್ನೊಂದು ವಾರವಿತ್ತು. ಪರಮಾಣು ರಚನೆಯ ಪಾಠವನ್ನು ಮತ್ತೆ ಓದಿಸುವ ಬದಲು ಅವರು ನಮ್ಮನ್ನು ಖೋ ಖೋ ಮೈದಾನಕ್ಕೆ ಅಟ್ಟಿದರು. ಅಲ್ಲಿ ಒಂದರ ಸುತ್ತ ಒಂದರಂತೆ ಮೂರು ವೃತ್ತ, ನಡುವೆ ಪರಮಾಣುವಿನ ಬೀಜಕೇಂದ್ರವಾಗಿ ಒಂದು ತಟ್ಟೆ. ಪ್ರೋಟಾನ್‌ಗೆ ಹುಣಸೆ ಬೀಜ, ನ್ಯೂಟ್ರಾನ್‌ಗೆ ಹೊಂಗೆ ಬೀಜ, ಎಲೆಕ್ಟ್ರಾನ್‌ಗಳು ನಾವೇ. ತಟ್ಟೆಗೆ ಬಿದ್ದ ಹುಣಸೆ ಬೀಜ ಎಣಿಸಿ, ಧಾತುವಿನ ಹೆಸರು ಕೂಗಿ, ಅಷ್ಟೇ ಮಂದಿ ಓಡಿ ನಿಲ್ಲಬೇಕು. ಒಳಗಿನ ವೃತ್ತಕ್ಕೆ ಇಬ್ಬರು, ಎರಡನೆಯದಕ್ಕೆ ಎಂಟು. ಒಂಬತ್ತನೆಯವನು ನುಗ್ಗಿದರೆ ಔಟ್. ಹತ್ತು ಬೀಜ ಬಿದ್ದು ನಿಯಾನ್ ಆದವರ ಜಂಬವನ್ನಂತೂ ನೋಡಬೇಕಿತ್ತು!

ಸೋಡಿಯಂ ಬಂತು. ಹುಣಸೆ 11, ಹೊಂಗೆ 12. ಹೊರವೃತ್ತದಲ್ಲಿ ನಾನೊಬ್ಬನೇ. ಪಕ್ಕದಲ್ಲಿ ಹದಿನೇಳು ಮಂದಿಯ ಕ್ಲೋರಿನ್, ಅದರ ಹೊರವೃತ್ತದಲ್ಲಿ ಏಳೇ ಜನ. ಸೀಟಿ ಊದಿದಾಗ ನಾನು ಅಲ್ಲಿಗೆ ಹಾರಬೇಕು, ಎರಡೂ ಸೇರಿ ಉಪ್ಪಾಗಬೇಕು. ಸೀಟಿಯೇನೋ ಊದಿತು. ನಾನು ಓಡಿದ್ದು ಗೇಟಿನಾಚೆ ನೆಲ್ಲಿಕಾಯಿ ಮಾರುತ್ತಿದ್ದ ಅಜ್ಜಿಯ ಕಡೆಗೆ.

ಮೇಷ್ಟ್ರು ಕೂಗಾಡಲಿಲ್ಲ. “ಹೋದವನು ಹೋದ. ತಟ್ಟೆಯಲ್ಲಿ ಹನ್ನೊಂದು, ಹೊರಗೆ ಹತ್ತು. ಉಳಿದದ್ದೇನು?” ಎಂದು ಉಳಿದವರನ್ನು ಕೇಳಿದರಂತೆ. ತರಗತಿಯ ಮುಕ್ಕಾಲು ಪಾಲಿಗೆ ಧನ ಅಯಾನು, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡು ಧನ ವಿದ್ಯುದಂಶ ಪಡೆದ ಪರಮಾಣು, ಅರ್ಥವಾದದ್ದು ಅಂದೇ. ಅದರಲ್ಲಿ ನನ್ನ ಪಾಲೂ ಇದೆಯೆಂದು ಈಗಲೂ ಹೇಳಿಕೊಳ್ಳುತ್ತೇನೆ.

“ಉಪ್ಪಾಗು ಅಂದರೆ ಉಪ್ಪು ನೆಕ್ಕುತ್ತ ಬಂದೆಯಲ್ಲೋ!” ಎಂದರು, ನಾನು ಮರಳಿದಾಗ.

ನಾನೂ ಬಿಡಲಿಲ್ಲ. ಬೀಜಕೇಂದ್ರ ಹುಣಸೆ ಬೀಜದಷ್ಟಿದ್ದರೆ ಹೊರಗಿನ ಎಲೆಕ್ಟ್ರಾನ್ ಅರ್ಧ ಕಿಲೋಮೀಟರ್ ದೂರದಲ್ಲಿರುತ್ತದೆ ಎಂದು ಹಿಂದಿನ ದಿನ ಹೇಳಿದವರು ಅವರೇ. ಗೇಟು ನೂರು ಗಜವೂ ಇಲ್ಲ ಸಾರ್ ಎಂದೆ. ಅವರು ನಕ್ಕು, ಕೈಗೆ ಪೊರಕೆ ಕೊಟ್ಟರು. ಗುಡಿಸುವಾಗ ಪಕ್ಕದಲ್ಲೇ ನಿಂತು, “ಚೆನ್ನಾಗಿ ಅಳಿಸು. ಇದು 1913ರಲ್ಲಿ ನೀಲ್ಸ್ ಬೋರ್ ಎಂಬ ವಿಜ್ಞಾನಿ ಎಳೆದ ಗೆರೆ. ಎಲೆಕ್ಟ್ರಾನ್ ಹೀಗೆ ಗೆರೆ ಹಿಡಿದು ಸುತ್ತುವುದಿಲ್ಲ, ಕಾಲೇಜಿನಲ್ಲಿ ಹೇಳುತ್ತಾರೆ” ಎಂದರು. ಬಿಎಸ್ಸಿಯಲ್ಲಿ ಉಪನ್ಯಾಸಕರು ಗೆರೆ ಅಳಿಸಿ, ಎಲೆಕ್ಟ್ರಾನ್ ಇರಬಹುದಾದ ಜಾಗವೆಂದು ಮೋಡ ಬರೆದಾಗ ಇಡೀ ತರಗತಿಯಲ್ಲಿ ಬೆಚ್ಚದವನು ನಾನೊಬ್ಬನೇ. ಇಂದು ಔಷಧ ಕಾರ್ಖಾನೆಯ ಪ್ರಯೋಗಾಲಯವೊಂದನ್ನು ನೋಡಿಕೊಳ್ಳುತ್ತಿದ್ದೇನೆ. ಸೋಡಿಯಂ ಕ್ಲೋರೈಡ್ ಡಬ್ಬಿ ಕಂಡಾಗ ಬಾಯಲ್ಲಿ ನೆಲ್ಲಿಕಾಯಿಯ ನೀರೂರುತ್ತದೆ.

ನನ್ನ ಮಗಳ ಶಾಲೆಯಲ್ಲಿ ಗೋಡೆಯಗಲದ ಪರದೆ ಇದೆ. ಎಲೆಕ್ಟ್ರಾನ್‌ಗಳು ತಮ್ಮಷ್ಟಕ್ಕೆ ತಿರುಗುತ್ತವೆ, ಮಕ್ಕಳು ಕುಳಿತು ನೋಡುತ್ತಾರೆ. ನಮಗಿಂತ ಹೆಚ್ಚು ಅಂಕ ಬರುತ್ತದೆ, ಒಪ್ಪುತ್ತೇನೆ. ಸೋಡಿಯಂ ಯಾಕೆ ಒಂದು ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ ಎಂದು ಕೇಳಿದರೆ, “ನೋಟ್ಸಿನಲ್ಲಿದೆ ಅಪ್ಪ” ಎನ್ನುತ್ತಾಳೆ.

ವೈಕುಂಠ ಸಮಾರಾಧನೆಯ ದಿನ ನಾವು ಏಳೆಂಟು ಮಂದಿ ಅವರ ಮನೆಗೆ ಹೋಗಿದ್ದೆವು. ಮೇಷ್ಟ್ರ ಸೊಸೆ ಅಟ್ಟದಿಂದ ಇಳಿಸಿದ ತುಕ್ಕು ಹಿಡಿದ ಡಬ್ಬಿಯೊಂದನ್ನು ತಂದು, ಇದೇನು ಬಿತ್ತನೆಗೆ ಇಟ್ಟಿದ್ದರೇ ಎಂದು ಕೇಳಿದರು. ನೆಲದ ಮೇಲೆ ಸುರಿದು ಎಣಿಸಿದೆವು. ಹೊಂಗೆ ಬೀಜಗಳಿಗೆ ಹುಳು ಹತ್ತಿತ್ತು. ಹುಣಸೆ ಬೀಜ ಹದಿನೇಳಿದ್ದವು. “ಕ್ಲೋರಿನ್!” ಎಂದು ನಾಲ್ಕು ಜನ ಒಟ್ಟಿಗೆ ಕೂಗಿದರು, ಊಟಕ್ಕೆ ಕುಳಿತಿದ್ದವರೆಲ್ಲ ತಿರುಗಿ ನೋಡಿದರು.