ಇಲಿಯ ಪ್ಯಾಂಕ್ರಿಯಾಸ್: ತಯಾರಿ ಮೊದಲು, ಕತ್ತರಿ ಆಮೇಲೆ

ಲ್ಯಾಬಿಗೆ ಹೊಸದಾಗಿ ಸೇರಿದವರಿಗೆ ಇಲಿಯ ಅಂಗ ತೆಗೆಯುವುದನ್ನು ಕಲಿಸುವುದೂ ನನ್ನ ಕೆಲಸ. ಲಿವರ್, ಕಿಡ್ನಿ ಎಲ್ಲರಿಗೂ ಬೇಗ ಒಲಿಯುತ್ತವೆ. ತಡವರಿಸುವುದು ಪ್ಯಾಂಕ್ರಿಯಾಸ್ (ಮೇದೋಜ್ಜೀರಕ ಗ್ರಂಥಿ) ಹತ್ತಿರ.

ಮನುಷ್ಯರಲ್ಲಿ ಅದಕ್ಕೊಂದು ಸ್ಪಷ್ಟ ಆಕಾರವಿದೆ. ಇಲಿಯಲ್ಲಿ ಹಾಗಲ್ಲ, ಹಿಂಜಿದ ಹತ್ತಿಯ ಹಾಗೆ ಹರಡಿಕೊಂಡಿರುತ್ತದೆ. ಒಂದು ಕಡೆ ಸಣ್ಣ ಕರುಳಿನ ಮೊದಲ ಸುತ್ತು, ಇನ್ನೊಂದು ಕಡೆ ಸ್ಪ್ಲೀನ್ (ಗುಲ್ಮ). ಸುತ್ತಮುತ್ತ ಕೊಬ್ಬು ಬೇರೆ. ಕೊಬ್ಬು ಬೆಳ್ಳಗೆ ಹೊಳೆಯುತ್ತದೆ, ಪ್ಯಾಂಕ್ರಿಯಾಸ್ ತುಸು ಗುಲಾಬಿ. ಅನುಮಾನ ಬಂದರೆ ಒಂದು ಚೂರನ್ನು ತಣ್ಣನೆಯ ಪಿಬಿಎಸ್‌ಗೆ, ಅಂದರೆ ಲ್ಯಾಬಿನ ಉಪ್ಪುನೀರಿನ ದ್ರಾವಣಕ್ಕೆ, ಹಾಕಿ ನೋಡಿ. ಕೊಬ್ಬು ತೇಲುತ್ತದೆ, ಪ್ಯಾಂಕ್ರಿಯಾಸ್ ಮುಳುಗುತ್ತದೆ.

ನಾನು ಸ್ಪ್ಲೀನ್‌ನಿಂದ ಶುರು ಮಾಡುತ್ತೇನೆ. ಎಡಗಡೆ, ಕಡುಗೆಂಪು, ಉದ್ದಕ್ಕಿರುತ್ತದೆ, ಕಣ್ಣು ತಪ್ಪುವುದಿಲ್ಲ. ಅದನ್ನು ಫೋರ್ಸೆಪ್ಸ್‌ನಿಂದ ಮೆಲ್ಲಗೆ ಎತ್ತಿದರೆ ಪ್ಯಾಂಕ್ರಿಯಾಸ್‌ನ ಬಾಲ ತಾನಾಗಿ ಮೇಲೆ ಬರುತ್ತದೆ. ಅಲ್ಲಿಂದ ಜಠರದ ಕಡೆ ಬಿಡಿಸಿ, ಕೊನೆಗೆ ಕರುಳಿನ ಗುಂಟ ಹೋಗುತ್ತೇನೆ. ಪ್ಯಾಂಕ್ರಿಯಾಸ್ ಅನ್ನೇ ಹಿಸುಕಿ ಹಿಡಿಯಬಾರದು. ಕರುಳಿಗೆ ತೂತು ಬೀಳಿಸಲೂಬಾರದು.

ಆದರೆ ನಿಜವಾದ ಕಷ್ಟ ಕೈಚಳಕದ್ದಲ್ಲ, ಸಮಯದ್ದು. ಈ ಅಂಗದ ಕೆಲಸವೇ ಜೀರ್ಣದ ಕಿಣ್ವಗಳನ್ನು ಮಾಡುವುದು, ಅಲ್ವಾ? ನಮಗೆ ಅದರಿಂದ ಬೇಕಾಗಿರುವುದು ಆರ್‌ಎನ್‌ಎ, ಅಂದರೆ ಜೀನ್‌ಗಳ ಸಂದೇಶ ಹೊರುವ ಅಣು; ಅದನ್ನು ಕತ್ತರಿಸುವ ಕಿಣ್ವವೂ ಈ ಅಂಗದಲ್ಲಿ ಧಾರಾಳವಾಗಿದೆ. ಪ್ರಾಣಿ ಸತ್ತ ಮೇಲೆ ಅಂಗ ತನ್ನನ್ನು ತಾನೇ ಕರಗಿಸಿಕೊಳ್ಳತೊಡಗುತ್ತದೆ. ಇಂಥ ಅಂಗದಿಂದಲೂ ಆರ್‌ಎನ್‌ಎ ಹಾಳಾಗದಂತೆ ತೆಗೆಯುವ ದಾರಿ 1979ರಲ್ಲಿ ಪ್ರಕಟವಾಯಿತು: ಗ್ವಾನಿಡಿನಿಯಮ್ ಥಯೋಸಯನೇಟ್ ದ್ರಾವಣದಲ್ಲಿ ಕೂಡಲೇ ಅರೆಯುವುದು. ಆ ದ್ರಾವಣ ಕಿಣ್ವಗಳ ರೂಪವನ್ನೇ ಕೆಡಿಸಿಬಿಡುತ್ತದೆ. ಇವತ್ತಿಗೂ ನಾವು ನೆಚ್ಚಿರುವುದು ಅದನ್ನೇ.

ಹಾಗಾಗಿ ಟ್ಯೂಬುಗಳ ಮೇಲೆ ಹೆಸರು ಬರೆದಾಗಿರಬೇಕು. ದ್ರಾವಣ ಅಳೆದಿಟ್ಟಿರಬೇಕು, ಅಂಗವನ್ನು ಅರೆಯುವ ಯಂತ್ರ ಹೋಮೋಜಿನೈಸರ್ ಅನ್ನು ಒಮ್ಮೆ ಓಡಿಸಿ ನೋಡಿರಬೇಕು. ಇಷ್ಟಾಗುವವರೆಗೆ ಇಲಿಯನ್ನು ಪಂಜರದಿಂದ ಹೊರಗೆ ತೆಗೆಯಲು ನಾನು ಬಿಡುವುದಿಲ್ಲ. ಸಾವು ಖಚಿತವಾಗುವವರೆಗೆ ಕತ್ತರಿ ಮುಟ್ಟಲೂ ಬಿಡುವುದಿಲ್ಲ. ಅವಸರ ಏನಿದ್ದರೂ ಅದರ ನಂತರ. ಟ್ಯೂಬ್ ಹುಡುಕುತ್ತಾ ಸ್ಯಾಂಪಲ್ ಕೆಟ್ಟರೆ ಒಂದು ಜೀವ ಸುಮ್ನೆ ಹೋದಂತೆ. ನನಗೆ ಅದು ಸಹಿಸಲಾಗದ ಮಾತು.

ಬಳಸುವ ಪ್ರಾಣಿಗಳ ಸಂಖ್ಯೆಯನ್ನು ಆದಷ್ಟು ಇಳಿಸಬೇಕು ಅಂತ ವಿಜ್ಞಾನಿಗಳಾದ ರಸೆಲ್ ಮತ್ತು ಬರ್ಚ್ 1959ರಲ್ಲೇ ಹೇಳಿದ್ದರು. ಅದಕ್ಕೇ ಹಿಂದಿನ ದಿನ ಉಳಿದ ಗುಂಪುಗಳನ್ನು ಕೇಳುತ್ತೇನೆ: ನಾಳೆ ಯಾರಿಗೆ ಯಾವ ಅಂಗ ಬೇಕು? ಸ್ಪ್ಲೀನ್ ಹೇಗೂ ಪ್ಯಾಂಕ್ರಿಯಾಸ್ ಜೊತೆಗೇ ಹೊರಬರುತ್ತದೆ. ರೋಗನಿರೋಧಕ ಕೋಶಗಳ ಮೇಲೆ ಕೆಲಸ ಮಾಡುವವರು ತಣ್ಣನೆಯ ಮೀಡಿಯಾ (ಕೋಶಗಳನ್ನು ಜೀವಂತ ಇಡುವ ದ್ರವ) ತುಂಬಿದ ಟ್ಯೂಬನ್ನು ಐಸ್ ಮೇಲೆ ಇಟ್ಟಿದ್ದರೆ, ಅದು ನೇರ ಅವರಿಗೆ ಹೋಗುತ್ತದೆ.